ಅಡಿಕೆ ಸಸಿಯಂಥ ಹೀರೋ: ಶುರುವಿನಲ್ಲಿ ಸೋಲುವ ಪಾತ್ರವನ್ನು ಬೆಳೆಸೋದು ಹೇಗೆ?

ದಸರಾ ರಜೆಗೆ ಚನ್ನಗಿರಿ ಕಡೆಯಿಂದ ಬಂದಿದ್ದ ಅಕ್ಕನ ಮಗನನ್ನು ದಾವಣಗೆರೆಯ ಕುಂದವಾಡ ಕೆರೆಗೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಕೆರೆ ಬೇಕಿರಲಿಲ್ಲ. ನಡೆಯುತ್ತಾ ಮೊಬೈಲ್‌ನಲ್ಲಿ ಪೋಕೆಮಾನ್ ಅನ್ನೋ ಪ್ರಾಣಿಗಳನ್ನು ಹಿಡಿಯೋ ಆಟ ಪೋಕೆಮಾನ್ ಗೋ. ಅದನ್ನು ಆಡೋದಕ್ಕೆ ನಡೆಯೋ ಜಾಗ ಬೇಕಿತ್ತು ಅಷ್ಟೇ. ಏರಿ ಮೇಲೆ ಅರ್ಧ ದಾರಿ ಹೋಗಿರಲಿಲ್ಲ, ಮುಖ ಸಪ್ಪೆ ಮಾಡಿಕೊಂಡು ನಿಂತುಬಿಟ್ಟ.

"ಮಾಮ, ಮತ್ತೆ ಇದೇ ಮೀನು. ಮ್ಯಾಜಿಕಾರ್ಪ್ ಅಂತೆ. ಬರೀ ಎಗರ್ತೈತಿ, ಹೊಡಿಯಾಕ ಬರಲ್ಲ. ಎಂಟು ಸಿಕ್ಕಿದ್ವು, ಎಲ್ಲಾ ಪ್ರೊಫೆಸರ್‌ಗೆ ಕಳಿಸಿಬಿಟ್ಟೆ."

"ನಿಮ್ ತೋಟದಾಗ ಅಡಿಕೆ ಸಸಿ ಇಟ್ಟು ಎಷ್ಟು ವರ್ಷ ಆತು?"

"ಮೂರು."

"ಏನಾದ್ರೂ ಬಂತಾ?"

"ಇಲ್ಲ."

"ಮತ್ತೆ ನಿಮ್ಮಪ್ಪ ಕಿತ್ತು ಒಗೆದ್ರಾ?"

ಅವನು ಮೊಬೈಲ್ ನೋಡಿದ. ನನ್ನ ಮುಖ ನೋಡಿದ. "ಇದೂ ಅಡಿಕೆನಾ ಮಾಮ?"

ಹೌದು, ಇದೂ ಅಡಿಕೆನೇ. ವಿಡಿಯೋ ಗೇಮ್‌ಗಳಲ್ಲಿ ಎರಡು ತಳಿಯ ಪಾತ್ರಗಳಿರುತ್ತವೆ. ಒಂದು ಮೆಕ್ಕೆಜೋಳದ ಹಾಗೆ. ಬಿತ್ತಿದ ನಾಲ್ಕು ತಿಂಗಳಿಗೆ ಫಸಲು ಕೈಗೆ ಬರುತ್ತದೆ, ಆಮೇಲೆ ಬರೀ ದಂಟು. ಇನ್ನೊಂದು ಅಡಿಕೆ. ಐದಾರು ವರ್ಷ ನೀರು, ಗೊಬ್ಬರ, ನೆರಳು ಎಲ್ಲಾ ತಿನ್ನುತ್ತದೆ, ಆಮೇಲೆ ಮನೆಯನ್ನೇ ಸಾಕುತ್ತದೆ. ಹೊಸಬರು ಸಾಮಾನ್ಯವಾಗಿ ಎರಡನೇ ಜಾತಿಯ ಪಾತ್ರ ಹಿಡಿದು, ಎರಡು ದಿನ ಏಟು ತಿಂದು, "ಇದು ವೇಸ್ಟ್" ಅಂತ ಬಿಟ್ಟುಬಿಡುತ್ತಾರೆ. ಪಾತ್ರ ವೇಸ್ಟ್ ಅಲ್ಲ. ಸಾಕಿದ ರೀತಿ ತಪ್ಪು. ಸರಿಯಾಗಿ ಸಾಕೋದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ನಾನು ಮಾಡಿದ ತಪ್ಪುಗಳೂ ಇದರಲ್ಲಿವೆ.

ಹೆಜ್ಜೆ 1: ಫಸಲಿನ ತಾರೀಕು ಕೇಳಿಕೊಳ್ಳಿ

ಪಾತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ಒಂದೇ ಪ್ರಶ್ನೆ: ಇದು ಯಾವಾಗ ತಿರುಗಿ ನಿಲ್ಲುತ್ತದೆ? "ಮುಂದೆ ಒಳ್ಳೇದಾಗುತ್ತೆ" ಅನ್ನೋದು ಉತ್ತರ ಅಲ್ಲ. ಲೆವೆಲ್ ಬೇಕು, ನಿಮಿಷ ಬೇಕು, ಇಲ್ಲಾ ಲೆಕ್ಕ ಬೇಕು.

ಕೆಲವು ಪಾತ್ರಗಳಿಗೆ ತಾರೀಕು ಪಕ್ಕಾ ಇರುತ್ತದೆ. ಪೋಕೆಮಾನ್‌ನ ಮುಖ್ಯ ಆಟಗಳಲ್ಲಿ ಮ್ಯಾಜಿಕಾರ್ಪ್ 20ನೇ ಲೆವೆಲ್‌ಗೆ ಗ್ಯಾರಡೋಸ್ ಆಗುತ್ತದೆ. ಅದರ ಎಲ್ಲಾ ಗುಣಗಳ ಅಂಕ ಕೂಡಿಸಿದರೆ 200 ಇದ್ದದ್ದು 540ಕ್ಕೆ ಹಾರುತ್ತದೆ. ಮೀನು ಹೋಗಿ ಹೆಡೆ ಎತ್ತಿದ ಸರ್ಪ ಬಂತು ಅಂದುಕೊಳ್ಳಿ. ಎರಡು ತಂಡಗಳು ಕಾದಾಡುವ ಲೀಗ್ ಆಫ್ ಲೆಜೆಂಡ್ಸ್ ಆಟದ ಕೇಲ್ ಅನ್ನೋ ಪಾತ್ರಕ್ಕೆ ಮೂರು ತಾರೀಕು: 6ನೇ ಲೆವೆಲ್‌ಗೆ ದೂರದಿಂದ ಹೊಡೆಯೋ ಶಕ್ತಿ, 11ಕ್ಕೆ ಬೆಂಕಿಯ ಅಲೆ, 16ಕ್ಕೆ ಪೂರ್ತಿ ರೂಪ. ಬಾಲ್ಡರ್ಸ್ ಗೇಟ್ 3ರ ಮಾಂತ್ರಿಕನಿಗೆ 5ನೇ ಲೆವೆಲ್. ಶುರುವಿನಲ್ಲಿ ಅವನ ಮೂಲ ಜೀವ 6 ಅಂಕ, ಪಕ್ಕದಲ್ಲಿರೋ ಯೋಧನದು 10. ಒಂದು ಬಾಣಕ್ಕೆ ಮಲಗುತ್ತಾನೆ. 5ಕ್ಕೆ ಫೈರ್‌ಬಾಲ್ ಬರುತ್ತದೆ: ಆರು ಮುಖದ 8 ದಾಳ ಉರುಳಿಸಿದಷ್ಟು ಪೆಟ್ಟು, ಅಂದರೆ ಸರಾಸರಿ 28, ಅದೂ ಒಬ್ಬನಿಗಲ್ಲ, ಗುಂಪಿಗೆ. ಆ ಹೊತ್ತಿಗೆ ಯೋಧನೂ ಬೆಳೆದಿರುತ್ತಾನೆ. ಆದರೆ ಅವನು ಒಬ್ಬೊಬ್ಬರನ್ನೇ ಹೊಡೆಯಬೇಕು.

ಇನ್ನು ಕೆಲವಕ್ಕೆ ತಾರೀಕು ಇಲ್ಲ, ಬರೀ ಲೆಕ್ಕ. ಲೀಗ್‌ನಲ್ಲೇ ನಾಸಸ್ ಅಂತ ಒಬ್ಬನಿದ್ದಾನೆ. ಅವನ ಒಂದು ವಿಶೇಷ ಏಟಿನಿಂದ ಸಣ್ಣ ಸೈನಿಕ ಸತ್ತರೆ ಆ ಏಟಿಗೆ 3 ಅಂಕ ಶಾಶ್ವತವಾಗಿ ಸೇರುತ್ತದೆ, ದೊಡ್ಡವು ಸತ್ತರೆ 12. ನೂರು ಸಣ್ಣವನ್ನು ಹೊಡೆದರೆ 300. ಇದು ಚೀಟಿ ಹಣದ ಹಾಗೆ. ಒಂದು ಕಂತು ತಪ್ಪಿದರೂ ಕೊನೆಗೆ ಕಾಣುತ್ತದೆ.

ಮೂರನೇ ಬಗೆ ಫೈರ್ ಎಂಬ್ಲೆಮ್ ಥರದ, ಚದುರಂಗದ ಹಾಗೆ ಮನೆ ಮನೆಯಾಗಿ ಪಾತ್ರಗಳನ್ನು ನಡೆಸೋ ಆಟಗಳದ್ದು. ಅಲ್ಲಿ ಲೆವೆಲ್ ಏರಿದಾಗಲೆಲ್ಲ ಶಕ್ತಿ, ವೇಗ, ರಕ್ಷಣೆ ಒಂದೊಂದೂ ಇಷ್ಟು ಶೇಕಡಾ ಸಾಧ್ಯತೆಯಲ್ಲಿ 1 ಅಂಕ ಏರುತ್ತದೆ. 2012ರ ಫೈರ್ ಎಂಬ್ಲೆಮ್ ಅವೇಕನಿಂಗ್‌ನಲ್ಲಿ ಡಾನೆಲ್ ಅನ್ನೋ ಹಳ್ಳಿ ಹುಡುಗ ಬರುತ್ತಾನೆ. ತಲೆ ಮೇಲೆ ಪಾತ್ರೆ ಕವುಚಿಕೊಂಡಿರುತ್ತಾನೆ. ಅವನಿಗಿರೋ ಒಂದೇ ಆಸ್ತಿ ಅಂದರೆ ಆ ಸಾಧ್ಯತೆ ಎಲ್ಲಾ ಗುಣಗಳಲ್ಲೂ 20 ಹೆಚ್ಚು. ಹಾಗಾಗಿ 20 ಲೆವೆಲ್ ಏರಿದರೆ ಪ್ರತಿ ಗುಣದಲ್ಲೂ ಸರಾಸರಿ 4 ಅಂಕ ಲಾಭ. ಎರಡೇ ಲೆವೆಲ್ ಏರಿದರೆ? ಅರ್ಧ ಅಂಕವೂ ಇಲ್ಲ. ಇಂಥವನನ್ನು ಸಾಕೋದಾದರೆ ಬೇಗ ಶುರು ಮಾಡಬೇಕು. ಆಟದ ಕೊನೆಗೆ ನೆನಪು ಮಾಡಿಕೊಂಡರೆ ಆಗೋದಿಲ್ಲ.

ಇಂಟರ್ನೆಟ್‌ನಲ್ಲಿ ನಡೆಯೋ ಆಟಗಳಲ್ಲಿ ಈ ಸಂಖ್ಯೆಗಳು ಅಪ್‌ಡೇಟ್ ಬಂದಾಗ ಬದಲಾಗುತ್ತವೆ. ಆಡುವ ದಿನ ಆಟದೊಳಗಿನ ವಿವರಣೆಯನ್ನೇ ಒಮ್ಮೆ ಓದಿ.

ಹೆಜ್ಜೆ 2: ಜೊಳ್ಳು ಯಾವುದು, ಕಾಳು ಯಾವುದು ನೋಡಿ

ದುರ್ಬಲವಾಗಿ ಹುಟ್ಟಿದ್ದೆಲ್ಲ ಮುಂದೆ ಹುಲಿ ಆಗೋದಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಮ್ಯಾಜಿಕಾರ್ಪ್ ಕಥೆ ಕೇಳಿದವರಿಗೆ ಆಮೇಲೆ ಕಂಡ ಕಂಡ ಹುಳುವಿನಲ್ಲೂ ಸರ್ಪ ಕಾಣಿಸುತ್ತದೆ.

ಅದೇ ಪೋಕೆಮಾನ್‌ನಲ್ಲಿ ಸನ್‌ಕರ್ನ್ ಅಂತ ಒಂದು ಬೀಜ ಇದೆ. ಅಂಕ 180. ಮ್ಯಾಜಿಕಾರ್ಪ್‌ಗಿಂತಲೂ ಕಡಿಮೆ. ಅದಕ್ಕೆ ಸನ್ ಸ್ಟೋನ್ ಅನ್ನೋ ಕಲ್ಲು ಹುಡುಕಿ ಕೊಟ್ಟರೆ ಸನ್‌ಫ್ಲೋರಾ ಆಗುತ್ತದೆ, ಅಂದರೆ ಸೂರ್ಯಕಾಂತಿ. ಅಂಕ 425ಕ್ಕೆ ನಿಲ್ಲುತ್ತದೆ. ನೋಡೋಕೆ ಚೆಂದ, ನಗುತ್ತದೆ. ಆದರೆ ಪಟ್ಟ ಕಷ್ಟಕ್ಕೆ ತಕ್ಕ ಫಸಲು ಅಲ್ಲ. ನಮ್ಮ ಕಡೆ ಸೂರ್ಯಕಾಂತಿ ಬೆಳೆದವರಿಗೆ ಈ ನೋವು ಗೊತ್ತಿರುತ್ತದೆ, ಬಿಡಿ.

ಇನ್ನೊಂದು ಪರೀಕ್ಷೆ: ಆಟ ಸಾಕಷ್ಟು ಉದ್ದ ಇದೆಯಾ? 2003ರ ಫೈರ್ ಎಂಬ್ಲೆಮ್‌ನಲ್ಲಿ ನೀನೋ ಅನ್ನೋ ಪುಟ್ಟ ಮಾಂತ್ರಿಕ ಹುಡುಗಿ ಸೇರುತ್ತಾಳೆ. ಒಳ್ಳೆ ತಳಿ. ಬೇಗ ಬೆಳೆಯುತ್ತಾಳೆ. ಆದರೆ ಸೇರೋ ಹೊತ್ತಿಗೆ ಅವಳು 5ನೇ ಲೆವೆಲ್, ಆಟ ಮುಗಿಯೋಕೆ ಬಂದಿರುತ್ತದೆ, ಎದುರಾಳಿಗಳು ಒಂದೇ ಏಟಿಗೆ ಅವಳನ್ನು ಮಲಗಿಸುವಷ್ಟು ಗಟ್ಟಿ. ಫೈನಲ್ ಇಯರ್‌ನಲ್ಲಿ ಅಡಿಕೆ ತೋಟ ಹಾಕಿ ಕಾಲೇಜು ಫೀಸ್ ಕಟ್ಟುತ್ತೀನಿ ಅಂದ ಹಾಗೆ. ಇನ್ನೂ ವಿಪರೀತದ ಉದಾಹರಣೆ ಬೇಕಾದರೆ ಫೈನಲ್ ಫ್ಯಾಂಟಸಿ 3ರ ಆನಿಯನ್ ನೈಟ್. ಅದರ ನಿಜವಾದ ಬಲ ಹೊರಬರೋದು 90ನೇ ಲೆವೆಲ್ ದಾಟಿದ ಮೇಲೆ. ಅಷ್ಟರಲ್ಲಿ ಆಟ ಗೆದ್ದು ಮನೆಗೆ ಹೋಗಿರುತ್ತೀರಿ. ಅದು ಹಟದವರಿಗೆ ಮಾತ್ರ.

ನನ್ನ ಲೆಕ್ಕ ಸರಳ. ತಿರುಗಿ ನಿಲ್ಲುವ ತಾರೀಕು ಆಟದ ಅರ್ಧದೊಳಗೆ ಬಂದರೆ ಸಾಕುತ್ತೇನೆ. ಮುಕ್ಕಾಲು ದಾಟಿದ ಮೇಲೆ ಬರೋದಾದರೆ ಕೈ ಮುಗಿದು ಮುಂದೆ ಹೋಗುತ್ತೇನೆ.

ಹೆಜ್ಜೆ 3: ಒಂದೇ ಸಸಿ

ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದ ದಿನಗಳು. ಒಂದು ಶನಿವಾರ ಐದು ಜನ ಗೆಳೆಯರು ಗೇಮಿಂಗ್ ಕೆಫೆಯಲ್ಲಿ ಡೋಟಾ 2 ಆಡಲು ಕೂತೆವು. ಐದು ಜನರ ತಂಡದ ಆಟ ಅದು. ಸಾಮಾನ್ಯವಾಗಿ ಒಬ್ಬ ಕ್ಯಾರಿ ಆಗುತ್ತಾನೆ, ಅಂದರೆ ಶುರುವಿನಲ್ಲಿ ಬಡವ, ಕೊನೆಗೆ ತಂಡವನ್ನು ಹೆಗಲ ಮೇಲೆ ಹೊತ್ತು ಗೆಲ್ಲಿಸುವವ. ಉಳಿದವರು ಅವನಿಗೆ ಜಾಗ ಮಾಡಿಕೊಡುತ್ತಾರೆ.

ನಾವೇನು ಮಾಡಿದೆವು ಗೊತ್ತಾ? ಒಬ್ಬ ಆಂಟಿ ಮೇಜ್ ತೆಗೆದುಕೊಂಡ. ಇನ್ನೊಬ್ಬ ಸ್ಪೆಕ್ಟರ್. ಮತ್ತೊಬ್ಬ ಮೆಡುಸಾ. ನಾನು ಫ್ಯಾಂಟಮ್ ಲ್ಯಾನ್ಸರ್. ಐದನೆಯವನೂ ಅಂಥದ್ದೇ ಒಂದು. ಐವರೂ ಅಡಿಕೆ. ಮೆಕ್ಕೆಜೋಳ ಹಾಕೋಕೆ ಯಾರೂ ತಯಾರಿಲ್ಲ. ಎದುರು ತಂಡ ಹತ್ತನೇ ನಿಮಿಷಕ್ಕೇ ನಮ್ಮ ಗೋಪುರಗಳನ್ನು ಉರುಳಿಸುತ್ತಾ ಬಂತು. "ಇನ್ನೊಂದು ಹತ್ತು ನಿಮಿಷ ತಡೀರೋ, ನನ್ನ ಐಟಂ ಬರ್ತೈತಿ" ಅಂತ ಐದು ಬಾಯಿ ಕೂಗುತ್ತಿದ್ದವು. ಯಾರ ಐಟಮ್ಮೂ ಬರಲಿಲ್ಲ. ಇದ್ದ ಚಿನ್ನ ಐದು ಪಾಲಾಗಿ ಯಾರಿಗೂ ಸಾಲಲಿಲ್ಲ. ಕೆಫೆ ಬಾಡಿಗೆ ಕಟ್ಟಿ, ಬೆಣ್ಣೆ ದೋಸೆ ತಿನ್ನೋಕೆ ದುಡ್ಡಿಲ್ಲದೆ ಮಂಡಕ್ಕಿ ಮಿರ್ಚಿಗೆ ಸಮಾಧಾನ ಪಟ್ಟುಕೊಂಡೆವು.

ಹಾಗಾಗಿ: ತಂಡದಲ್ಲಿ ಒಂದೇ ಸಸಿ. ಒಬ್ಬರೇ ಆಡುವ ಆಟವಾದರೂ ಅಷ್ಟೇ. ಆರು ಪೋಕೆಮಾನ್‌ಗಳ ತಂಡದಲ್ಲಿ ಒಂದು ಮ್ಯಾಜಿಕಾರ್ಪ್ ಸಾಕು. ಅದು ಗ್ಯಾರಡೋಸ್ ಆದ ಮೇಲೆ ಬೇಕಾದರೆ ಡ್ರಾಟಿನಿಯನ್ನು ಹಿಡಿಯಿರಿ. ಅದಂತೂ 30ಕ್ಕೆ ಒಮ್ಮೆ, 55ಕ್ಕೆ ಇನ್ನೊಮ್ಮೆ ರೂಪ ಬದಲಿಸುವ ಮಹಾ ನಿಧಾನಿ.

ಹೆಜ್ಜೆ 4: ನಾಲೆ ನೀರನ್ನು ಕೊನೆಯ ಗದ್ದೆಗೆ ಮುಟ್ಟಿಸಿ

ಇಡೀ ಬರಹದಲ್ಲಿ ಮುಖ್ಯ ಹೆಜ್ಜೆ ಇದು. ಸ್ವಲ್ಪ ನಿಧಾನವಾಗಿ ಓದಿ.

ಭದ್ರಾ ನಾಲೆ ಗೊತ್ತಲ್ಲ. ನೀರು ಬಿಟ್ಟಾಗ ಮೇಲಿನ ಗದ್ದೆಗಳು ಹೊಟ್ಟೆ ತುಂಬಾ ಕುಡಿಯುತ್ತವೆ. ಕೊನೆ ಭಾಗದವರು ಪ್ರತಿ ಸಲ ತೂಬಿನ ಹತ್ತಿರ ಜಗಳ ಆಡಬೇಕು. ಆಟದ ಅನುಭವದ ಅಂಕಗಳೂ ಹೀಗೇ. ಎಕ್ಸ್‌ಪಿ ಅನ್ನುತ್ತಾರಲ್ಲ, ಅದು. ಈಗಾಗಲೇ ಬಲವಾಗಿರುವ ಪಾತ್ರ ಮುಂದೆ ನಿಲ್ಲುತ್ತದೆ, ಎಲ್ಲರನ್ನೂ ಹೊಡೆಯುತ್ತದೆ, ಎಲ್ಲಾ ಅಂಕವನ್ನೂ ಕುಡಿಯುತ್ತದೆ. ಅದಕ್ಕೆ ಅದರಿಂದ ಹೆಚ್ಚೇನೂ ಉಪಯೋಗ ಇಲ್ಲ. ಬಾಯಾರಿದ ಸಸಿ ಹಿಂದೆ ಒಣಗುತ್ತಿರುತ್ತದೆ.

1990ರ ಮೊದಲ ಫೈರ್ ಎಂಬ್ಲೆಮ್‌ನಲ್ಲಿ ಜೇಗನ್ ಅಂತ ಒಬ್ಬ ಹಿರಿಯ ಕುದುರೆ ಸವಾರ ಇದ್ದ. ಶುರುವಿನಿಂದಲೇ ಎಲ್ಲರಿಗಿಂತ ಬಲಶಾಲಿ, ಆದರೆ ಮುಂದೆ ಬೆಳೆಯೋದು ಬಹಳ ಕಡಿಮೆ. ಅದೇ ಆಟದಲ್ಲಿ ಎಸ್ಟ್ ಅನ್ನೋ ಹುಡುಗಿ, ರೆಕ್ಕೆ ಕುದುರೆ ಏರುವ ಮೂವರು ಅಕ್ಕತಂಗಿಯರಲ್ಲಿ ಕಿರಿಯಳು, ತಡವಾಗಿ ಬರುತ್ತಾಳೆ. ಬಂದಾಗ ಬಡವಿ, ಬೆಳೆದರೆ ಬಿರುಗಾಳಿ. ಈ ಆಟ ಆಡುವವರು ಇವತ್ತಿಗೂ ಬೇರೆ ಆಟಗಳ ಪಾತ್ರಗಳನ್ನೂ "ಇವನು ಜೇಗನ್", "ಇವಳು ಎಸ್ಟ್" ಅಂತಲೇ ಕರೆಯುತ್ತಾರೆ. ಮೇಲಿನ ಗದ್ದೆ, ಕೊನೆ ಗದ್ದೆ.

ಈಗ ತೂಬು ತಿರುಗಿಸೋದು ಹೇಗೆ ಅಂತ ನೋಡೋಣ. ಫೈರ್ ಎಂಬ್ಲೆಮ್‌ನಲ್ಲಿ ಸುಮ್ನೆ ಹೊಡೆದರೆ ಸಿಗುವ ಅಂಕ ಕಡಿಮೆ, ಕೊಂದರೆ ಜಾಸ್ತಿ. ಆದ್ದರಿಂದ ಜೇಗನ್ ಥರದವನಿಗೆ ಕಡಿಮೆ ಬಲದ ಆಯುಧ ಕೊಡಿ. ಎದುರಾಳಿಯನ್ನು ಸಾಯಿಸದೆ ಅರ್ಧ ಮಾಡಿ ಇಡಲಿ. ಕೊನೆ ಏಟು ಸಸಿಯದ್ದು. ಇನ್ನೂ ಒಳ್ಳೆಯದು ಅಂದರೆ, ಜೇಗನ್ ಕೈಯಿಂದ ಆಯುಧವನ್ನೇ ತೆಗೆದು ಮುಂದೆ ನಿಲ್ಲಿಸಿ. ಏಟು ತಿನ್ನುತ್ತಾನೆ, ವಾಪಸ್ ಹೊಡೆಯೋದಿಲ್ಲ. ಎದುರಾಳಿ ಜೀವಂತ ಉಳಿಯುತ್ತಾನೆ. ಅವನ ಬೆನ್ನ ಹಿಂದಿನಿಂದ ನಿಮ್ಮ ಸಸಿ ಎಸೆಯುವ ಈಟಿ ಹಿಡಿದು ಎರಡು ಮನೆ ದೂರದಿಂದ ಹೊಡೆಯಲಿ. ಲೆವೆಲ್ ಕಡಿಮೆ ಇರುವವನು ಗಟ್ಟಿ ಎದುರಾಳಿಯನ್ನು ಕೊಂದರೆ ಅಂಕ ಇನ್ನೂ ಹೆಚ್ಚು. 100 ಆದರೆ ಒಂದು ಲೆವೆಲ್.

ಹಳೇ ಪೋಕೆಮಾನ್ ಆಟಗಳಲ್ಲಿ ಇನ್ನೊಂದು ಉಪಾಯ. ಮ್ಯಾಜಿಕಾರ್ಪ್ ಅನ್ನು ತಂಡದ ಮೊದಲ ಜಾಗದಲ್ಲಿಡಿ. ಕಾಳಗ ಶುರುವಾದ ಕೂಡಲೇ ಅದನ್ನು ಒಳಗೆ ಕರೆದು ಗಟ್ಟಿಯಾದದ್ದನ್ನು ಇಳಿಸಿ. ಗೆದ್ದ ಮೇಲೆ ಅಂಕ ಇಬ್ಬರಿಗೂ ಸಮಪಾಲು. ಒಂದು ಏಟೂ ಹೊಡೆಯದ ಮೀನಿಗೆ ಅರ್ಧ ಪಾಲು! 2019ರ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳಿಂದ ಈಚೆಗೆ ಇದು ಬೇಕಿಲ್ಲ. ಇಡೀ ತಂಡಕ್ಕೆ ಅಂಕ ತಾನಾಗೇ ಹೋಗುತ್ತದೆ. ಬಾಲ್ಡರ್ಸ್ ಗೇಟ್ 3ರಲ್ಲೂ ಹಂಚುವ ತಲೆನೋವಿಲ್ಲ. ಅಲ್ಲಿ ಬದುಕಿ ಉಳಿಯೋದೇ ಕೆಲಸ.

ಡೋಟಾದಲ್ಲಿ ಎರಡು ಬೇರೆ ಬೇರೆ ನಾಲೆಗಳಿವೆ. ಸೈನಿಕನಿಗೆ ಕೊನೆ ಏಟು ಕೊಟ್ಟವನಿಗೆ ಚಿನ್ನ. ಎಕ್ಸ್‌ಪಿ ಮಾತ್ರ ಹತ್ತಿರ ನಿಂತ ಎಲ್ಲರಿಗೂ ಹಂಚಿಹೋಗುತ್ತದೆ. ಅದಕ್ಕೇ ಸಪೋರ್ಟ್, ಅಂದರೆ ಕ್ಯಾರಿಗೆ ನೆರವಾಗೋ ಪಾತ್ರ ಆಡುವವನು ಕ್ಯಾರಿಯ ಪಕ್ಕದಲ್ಲೇ ಸುಮ್ನೆ ನಿಂತಿದ್ದರೆ ಸಹಾಯ ಮಾಡಿದ ಹಾಗಲ್ಲ, ಪಾಲು ತಿಂದ ಹಾಗೆ. ಎದುರಾಳಿಗೆ ಕಾಟ ಕೊಡಬೇಕು, ಆಮೇಲೆ ದೂರ ಸರಿಯಬೇಕು.

ಪೋಕೆಮಾನ್ ಗೋದಲ್ಲಿ ಲೆವೆಲ್ ಬದಲು ಕ್ಯಾಂಡಿ. ಮ್ಯಾಜಿಕಾರ್ಪ್ ಬದಲಾಗಲು 400 ಬೇಕು. ಅಕ್ಕನ ಮಗನಿಗೆ ನಾನು ಕೆರೆ ಏರಿ ಮೇಲೇ ಲೆಕ್ಕ ಹಾಕಿಕೊಟ್ಟೆ. ಒಂದು ಹಿಡಿದರೆ 3. ಬೇಡದ್ದನ್ನು ಆಟದೊಳಗಿನ ಪ್ರೊಫೆಸರ್‌ಗೆ ಕಳಿಸಿದರೆ 1. ಒಟ್ಟು 4, ಅಂದರೆ ಸುಮಾರು ನೂರು ಮೀನು. ಹಿಡಿಯುವ ಮೊದಲು ಪಿನಾಪ್ ಬೆರಿ ತಿನ್ನಿಸಿದರೆ 3 ಇದ್ದದ್ದು 6 ಆಗುತ್ತದೆ. ಆಗ ಒಂದಕ್ಕೆ 7, ಅಂದರೆ 58 ಮೀನು ಸಾಕು. ಜೊತೆಗೆ ಮ್ಯಾಜಿಕಾರ್ಪ್ ಅನ್ನೇ ಆಟದಲ್ಲಿ ಜೊತೆಗಾರ (ಇಂಗ್ಲಿಷಿನ ಬಡ್ಡಿ) ಮಾಡಿಕೊಂಡರೆ ಒಂದು ಕಿಲೋಮೀಟರ್ ನಡೆದರೆ ಒಂದು ಕ್ಯಾಂಡಿ. ಅವನು ಕಳಿಸಿಬಿಟ್ಟಿದ್ದ ಎಂಟೂ ವ್ಯರ್ಥ ಆಗಿರಲಿಲ್ಲ ಅನ್ನೋದು ಅವನಿಗೆ ದೊಡ್ಡ ಸಮಾಧಾನ ಆಯಿತು. ಒಂದು ಎಚ್ಚರಿಕೆ: ಎಲ್ಲವನ್ನೂ ಕಳಿಸಬೇಡಿ. ಆಟದಲ್ಲೇ ಮೌಲ್ಯ ನೋಡುವ ಆಯ್ಕೆ ಇದೆ. ಅದರಲ್ಲಿ ಹೆಚ್ಚು ನಕ್ಷತ್ರ ಬಂದ ಒಂದನ್ನು ಇಟ್ಟುಕೊಂಡು ಅದಕ್ಕೇ 400 ಸುರಿಯಿರಿ.

ಹೆಜ್ಜೆ 5: ಓಬವ್ವನ ಕಿಂಡಿ ಹುಡುಕಿ

ನೀರು ಮುಟ್ಟಿಸುವ ಹೊತ್ತಿಗೆ ಸಸಿ ಸತ್ತರೆ ಏನು ಮಾಡೋದು?

ಚಿತ್ರದುರ್ಗದ ಕೋಟೆ ನೋಡಿದವರು ಆ ಕಿಂಡಿಯ ಮುಂದೆ ನಿಂತೇ ಇರುತ್ತೀರಿ. ಓಬವ್ವನ ಕೈಯಲ್ಲಿ ಇದ್ದದ್ದು ಒನಕೆ. ಎದುರಿಗೆ ಹೈದರಾಲಿಯ ಸೈನ್ಯ. ಬಯಲಲ್ಲಿ ನಿಂತಿದ್ದರೆ ಆ ಒನಕೆ ಏನೂ ಮಾಡುತ್ತಿರಲಿಲ್ಲ. ಆದರೆ ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಿ ಬರಬೇಕಿತ್ತು. ಆಟ ಆಡುವವರಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ: ಆಯುಧ ಸಣ್ಣದಾದಾಗ ಜಾಗವನ್ನೂ ಸಣ್ಣದು ಮಾಡಿಕೊಳ್ಳಿ.

ಎಲ್ಡೆನ್ ರಿಂಗ್ ಆಟದಲ್ಲಿ ರೆಚ್ ಅನ್ನೋ ಶುರುವಿನ ಆಯ್ಕೆ ಇದೆ. 1ನೇ ಲೆವೆಲ್, ಎಲ್ಲಾ ಗುಣಗಳೂ 10, ಮೈಮೇಲೆ ಬಟ್ಟೆ ಇಲ್ಲ, ಕೈಯಲ್ಲೊಂದು ದೊಣ್ಣೆ. ಹೆಚ್ಚುಕಡಿಮೆ ಒನಕೆಯೇ. ಅವನನ್ನು ಆಡುವಾಗ ಬಾಗಿಲು, ಕಲ್ಲಿನ ಸಂದು, ಮೆಟ್ಟಿಲು ಹುಡುಕಿ. ಗುಂಪಿನಲ್ಲಿ ಒಬ್ಬನಿಗೆ ಕಲ್ಲು ಎಸೆದು ಅವನೊಬ್ಬನನ್ನೇ ಈಚೆ ಎಳೆಯಿರಿ. ಮೊದಲ ಅಂಕಗಳನ್ನು ಜೀವ ಹೆಚ್ಚಿಸುವ ಗುಣಕ್ಕೆ ಹಾಕಿ, ಬಲಕ್ಕಲ್ಲ. ಶುರುವಿನಲ್ಲಿ ಪೆಟ್ಟು ಹೆಚ್ಚಾಗೋದು ಆಯುಧವನ್ನು ಹದ ಮಾಡಿಸಿಕೊಂಡರೆ. ಎಲ್ಲೇ ಚರ್ಚ್‌ನಲ್ಲಿರುವ ಮೇಜಿನ ಮೇಲೆ ಪ್ಲಸ್ 3ರವರೆಗೆ ನೀವೇ ಮಾಡಿಕೊಳ್ಳಬಹುದು.

ಲೀಗ್‌ನಲ್ಲಿ ಕಿಂಡಿ ಅಂದರೆ ನಿಮ್ಮದೇ ಗೋಪುರದ ಬುಡ. ನಾಸಸ್, ಕೇಲ್ ಇಂಥವರನ್ನು ಆಡುವಾಗ ಅಲ್ಲೇ ಕೂತಿರಿ. ಗೋಪುರ ಎದುರಾಳಿ ಸೈನಿಕರನ್ನು ಹೊಡೆಯುವಾಗ ನಿಮ್ಮ ಕೊನೆ ಏಟು ತಪ್ಪದಿರೋದಕ್ಕೆ ಒಂದು ಲೆಕ್ಕ ಇದೆ. ಕತ್ತಿ ಹಿಡಿದ ಸೈನಿಕನಿಗೆ ಗೋಪುರದ ಎರಡು ಏಟು ಬೀಳಲಿ, ಮೂರನೆಯದು ನಿಮ್ಮದು. ದೂರದಿಂದ ಹೊಡೆಯುವ ಸೈನಿಕನಿಗೆ ಮೊದಲು ನಿಮ್ಮದೊಂದು, ನಡುವೆ ಗೋಪುರದ್ದೊಂದು, ಕೊನೆಗೆ ಮತ್ತೆ ನಿಮ್ಮದೊಂದು. ಆಟದ ಮೊದಲ ಭಾಗಕ್ಕೆ ಇದು ಸಾಕು. ಎದುರಾಳಿ ಕೆಣಕುತ್ತಾನೆ, ಕುಣಿಯುತ್ತಾನೆ. ಕುಣೀಲಿ ಬಿಡಿ.

ಹೆಜ್ಜೆ 6: ಅಷ್ಟರವರೆಗೆ ಬಾಳೆ

ಚನ್ನಗಿರಿ ಕಡೆ ಅಡಿಕೆ ಇಟ್ಟವರು ಬರೀ ಅಡಿಕೆ ಇಟ್ಟು ಆಕಾಶ ನೋಡುತ್ತಾ ಕೂರೋದಿಲ್ಲ. ನಡುವೆ ಬಾಳೆ ಹಾಕುತ್ತಾರೆ. ಸಸಿಗೆ ನೆರಳೂ ಆಯಿತು, ಮನೆಗೆ ದುಡ್ಡೂ ಆಯಿತು. ನಿಮ್ಮ ತಂಡದಲ್ಲೂ ಬಾಳೆ ಬೇಕು. ಈಗಲೇ ಗೆಲ್ಲಿಸುವ, ಮುಂದೆ ಹಿಂದೆ ಸರಿಯುವ ಪಾತ್ರ. ಜೇಗನ್‌ನನ್ನು ಬೈದೆನಲ್ಲ, ಅವನ ನಿಜವಾದ ಕೆಲಸ ಇದೇ. ಅವನನ್ನು ಬೆಂಚ್‌ನಲ್ಲಿ ಕೂರಿಸಿದರೆ ಮೊದಲ ನಾಲ್ಕು ಅಧ್ಯಾಯ ದಾಟೋದೇ ಕಷ್ಟ.

ಹೆಜ್ಜೆ 7: ರೂಪ ಬದಲಿಸುವ ಹೊತ್ತು

ಇಲ್ಲಿ ಎರಡು ಥರ ಕೆಡಿಸಿಕೊಳ್ಳುತ್ತಾರೆ. ಒಂದು, ಆತುರ. ಹಳೇ ಫೈರ್ ಎಂಬ್ಲೆಮ್ ಆಟಗಳಲ್ಲಿ 10ನೇ ಲೆವೆಲ್‌ಗೇ ಬಡ್ತಿ ಕೊಡಬಹುದು, ಅಂದರೆ ಪಾತ್ರವನ್ನು ಮೇಲಿನ ದರ್ಜೆಗೆ ಏರಿಸಬಹುದು. ಆದರೆ 20ರವರೆಗೆ ಏರೋಕೆ ಅವಕಾಶ ಇರುತ್ತದೆ. ಬಡ್ತಿ ಆದ ಕೂಡಲೇ ಲೆವೆಲ್ ಮತ್ತೆ 1. ಹತ್ತಕ್ಕೇ ಕೊಟ್ಟರೆ ಹತ್ತು ಸಲ ಗುಣ ಏರುವ ಅವಕಾಶ ಕೈ ಬಿಟ್ಟಿತು. ಬೆಳವಣಿಗೆಯೇ ಬಂಡವಾಳ ಆದ ಪಾತ್ರಕ್ಕೆ ಇದು ದೊಡ್ಡ ನಷ್ಟ. ಎರಡು, ಅತಿ ಕಾಯುವಿಕೆ. 20 ಆಗಲಿ ಅಂತ ಕಾದು ಕಾದು, ಅಷ್ಟರಲ್ಲಿ ಪಾತ್ರ ಎಲ್ಲರಿಗಿಂತ ಹಿಂದೆ ಬಿದ್ದು ಒಂದು ಕಾಳಗಕ್ಕೂ ಇಳಿಸಲಾಗದ ಸ್ಥಿತಿ. ನಾನು 15 ದಾಟಿದ ಮೇಲೆ, ಮುಂದಿನ ಅಧ್ಯಾಯ ಭಾರಿ ಅಂತ ಕಂಡರೆ ಕೊಟ್ಟುಬಿಡುತ್ತೇನೆ. ಡಾನೆಲ್‌ನದು ಬೇರೆ ಲೆಕ್ಕ. ಹಳ್ಳಿಗನಾಗಿ ಅವನಿಗೆ ಬಡ್ತಿಯೇ ಇಲ್ಲ. 10 ಆದ ಕೂಡಲೇ ಸೆಕೆಂಡ್ ಸೀಲ್ ಅನ್ನೋ ವಸ್ತು ಕೊಟ್ಟು ಅವನ ವೃತ್ತಿ ಬದಲಿಸಿ ಮರ್ಸಿನರಿ, ಅಂದರೆ ಬಾಡಿಗೆ ಸೈನಿಕ ಮಾಡಿ. ಕಾಯಬೇಡಿ.

ಮ್ಯಾಜಿಕಾರ್ಪ್‌ಗೆ ಈ ಗೊಂದಲ ಇಲ್ಲ. 20 ಆಯಿತಾ, ಆಗಲು ಬಿಡಿ. ಬಿ ಬಟನ್ ಒತ್ತಿ ತಡೆಯೋಕೆ ಕಾರಣವೇ ಇಲ್ಲ.

ಬದಲಾದ ಮೇಲೆ ಇನ್ನೊಂದು ಮಾತು. ಹೊಸ ರೂಪದ ದುರ್ಬಲ ಜಾಗ ಯಾವುದು ಅಂತ ಆವತ್ತೇ ನೋಡಿಕೊಳ್ಳಿ. ಗ್ಯಾರಡೋಸ್ ನೀರಿನದೂ ಹೌದು, ಹಾರುವುದೂ ಹೌದು. ಹಾಗಾಗಿ ಮುಖ್ಯ ಆಟಗಳಲ್ಲಿ ಕರೆಂಟಿನ ಏಟು ಅದಕ್ಕೆ ನಾಲ್ಕು ಪಟ್ಟು. ಅಷ್ಟು ದಿನ ಸಾಕಿದ ಸರ್ಪವನ್ನು ಒಂದು ಪಿಕಾಚು ಮಲಗಿಸಿದಾಗ ಆಗುವ ಅವಮಾನ ನಾನು ಅನುಭವಿಸಿದ್ದೇನೆ.

ಅಭ್ಯಾಸಕ್ಕೆ: ಅರ್ಧ ಗಂಟೆಯಲ್ಲಿ ಒಂದು ಅಡಿಕೆ ತೋಟ

ಇಷ್ಟೆಲ್ಲ ಓದಿ "ನನ್ನ ಹತ್ತಿರ ದೊಡ್ಡ ಕಂಪ್ಯೂಟರ್ ಇಲ್ಲ" ಅನ್ನುವವರಿಗೆ ವ್ಯಾಂಪೈರ್ ಸರ್ವೈವರ್ಸ್. ಮೊಬೈಲ್‌ನಲ್ಲಿ ಪುಕ್ಕಟೆ. 2022ರ ಕೊನೆಗೆ ಮೊಬೈಲ್‌ಗೆ ಬಂತು. ಒಂದು ಬೆರಳು ಸಾಕು. ಪಾತ್ರ ತಾನಾಗೇ ಹೊಡೆಯುತ್ತದೆ, ನೀವು ನಡೆಸಬೇಕು ಅಷ್ಟೇ. ಮೇಲೆ ಹೇಳಿದ್ದೆಲ್ಲ ಅದರಲ್ಲಿ ಮೂವತ್ತು ನಿಮಿಷದಲ್ಲಿ ನಡೆದುಹೋಗುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ ಹತ್ತಿದರೆ ಒಂದು ಆಟ ಆರಾಮಾಗಿ ಮುಗಿಯುತ್ತದೆ.

ಮ್ಯಾಡ್ ಫಾರೆಸ್ಟ್ ಹಂತ, ಆಂಟೋನಿಯೋ ಪಾತ್ರ ತೆಗೆದುಕೊಳ್ಳಿ. ಕೈಯಲ್ಲಿ ಚಾವಟಿ. ಮೊದಲಿಗೆ ಅದು ಮುಂದೆ ಮಾತ್ರ ಬೀಸುತ್ತದೆ, ಬೆನ್ನಿಗೆ ಬಂದವರು ಕಚ್ಚುತ್ತಾರೆ. ಎರಡನೇ ಲೆವೆಲ್ ಚಾವಟಿ ಹಿಂದೂ ಮುಂದೂ ಬೀಸುತ್ತದೆ, ಅದನ್ನು ಬೇಗ ತೆಗೆದುಕೊಳ್ಳಿ. ಬೆಳ್ಳುಳ್ಳಿ ಸಿಕ್ಕರೆ ಬಿಡಬೇಡಿ. ಮೈ ಸುತ್ತ ಒಂದು ವಲಯ ಮಾಡಿ ಮೊದಲ ನಿಮಿಷಗಳಲ್ಲಿ ಕಾಯುತ್ತದೆ. ಅದೇ ನಿಮ್ಮ ಬಾಳೆ. ಕಿರೀಟ ಸಿಕ್ಕರೆ ಮೊದಲ ಮೂರ್ನಾಲ್ಕು ನಿಮಿಷದಲ್ಲಿ ತೆಗೆದುಕೊಳ್ಳಿ, ಅದು ಎಕ್ಸ್‌ಪಿ ಗಳಿಕೆಯನ್ನು ಶೇಕಡಾ 8ರಂತೆ ಏರಿಸುತ್ತದೆ. ಇಪ್ಪತ್ತನೇ ನಿಮಿಷದಲ್ಲಿ ತೆಗೆದುಕೊಂಡರೆ ಸುಗ್ಗಿ ಆದ ಮೇಲೆ ಗೊಬ್ಬರ ಹಾಕಿದ ಹಾಗೆ.

ಆಮೇಲೆ ಮುಖ್ಯ ಕೆಲಸ. ಹಾಲೋ ಹಾರ್ಟ್ ಅನ್ನೋ ವಸ್ತು ಒಂದು ಸಲವಾದರೂ ತೆಗೆದುಕೊಂಡಿರಿ. ಚಾವಟಿಯನ್ನು 8ನೇ ಲೆವೆಲ್‌ಗೆ ಮುಟ್ಟಿಸಿ. ಹತ್ತನೇ ನಿಮಿಷ ದಾಟಿದ ಮೇಲೆ ದೊಡ್ಡ ರಾಕ್ಷಸನನ್ನು ಕೊಂದು ಅವನು ಬಿಟ್ಟ ಪೆಟ್ಟಿಗೆ ತೆರೆಯಿರಿ. ಚಾವಟಿ ಬ್ಲಡಿ ಟಿಯರ್ ಆಗುತ್ತದೆ. ಹೊಡೆದ ಹಾಗೆ ನಿಮ್ಮ ಜೀವವೂ ತುಂಬುತ್ತಾ ಹೋಗುತ್ತದೆ. ಮ್ಯಾಜಿಕ್ ವಾಂಡ್ ಇದ್ದರೆ ಅದರ ಜೊತೆ ಎಂಪ್ಟಿ ಟೋಮ್ ಇರಲಿ, ಅದೂ ಹೀಗೇ ಹೋಲಿ ವಾಂಡ್ ಆಗುತ್ತದೆ. ಆಯುಧಕ್ಕೆ ಆರು ಜಾಗ, ವಸ್ತುಗಳಿಗೆ ಆರು ಜಾಗ. ಕಂಡದ್ದೆಲ್ಲ ತುಂಬಿಕೊಂಡರೆ ಯಾವುದೂ 8 ಮುಟ್ಟೋದಿಲ್ಲ. ಮೂರನೇ ಹೆಜ್ಜೆ ನೆನಪಿದೆಯಲ್ಲ?

ಮೊದಲ ಎರಡು ಮೂರು ಸಲ ಹತ್ತು ನಿಮಿಷದೊಳಗೇ ಸಾಯುತ್ತೀರಿ. ಗಳಿಸಿದ ಚಿನ್ನ ಉಳಿಯುತ್ತದೆ. ಅದರಲ್ಲಿ ಮುಖ್ಯ ಪುಟದ ಪವರ್ ಅಪ್, ಅಂದರೆ ಮುಂದಿನ ಆಟಗಳಿಗೂ ಉಳಿಯುವ ಬಲ ಕೊಂಡುಕೊಳ್ಳಿ. ತಪ್ಪಾಗಿ ಕೊಂಡರೂ ಚಿಂತೆ ಇಲ್ಲ, ಅಷ್ಟೂ ಚಿನ್ನ ವಾಪಸ್ ಪಡೆದು ಬೇರೆಯದಕ್ಕೆ ಹಾಕಬಹುದು.

ಮೂವತ್ತನೇ ನಿಮಿಷಕ್ಕೆ ಎಲ್ಲಾ ರಾಕ್ಷಸರೂ ಒಮ್ಮೆಗೇ ಮಾಯ ಆಗುತ್ತಾರೆ. ಕುಡುಗೋಲು ಹಿಡಿದ ಸಾವು ಬಂದು ನಿಮ್ಮನ್ನು ಮುಗಿಸುತ್ತದೆ. ಅಕ್ಕನ ಮಗ ಮೊದಲ ಸಲ ಅಲ್ಲಿಗೆ ಮುಟ್ಟಿದಾಗ "ಮಾಮ, ಮೋಸ ಇದು" ಅಂತ ಮೊಬೈಲ್ ಹಾಸಿಗೆ ಮೇಲೆ ಒಗೆದ. ಮೋಸ ಅಲ್ಲ. ಅಷ್ಟರವರೆಗೆ ಉಳಿದರೆ ಆ ಹಂತ ಗೆದ್ದ ಲೆಕ್ಕ. ಪರದೆ ಮೇಲೆ ಏನು ಸಿಕ್ಕಿದೆ ನೋಡು ಅಂದೆ. ನೋಡಿದ, ಮತ್ತೆ ಎತ್ತಿಕೊಂಡ.